ಗುರುವಿನ ಕೆಂಪು ಮಚ್ಚೆ ಅಳಿಯುತ್ತಿದೆಯೇ? ನಮ್ಮ ಟೆಲಿಸ್ಕೋಪಿಗೆ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ದಾನಿಗಳೊಬ್ಬರು ಶಾಲೆಗೆ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಕೊಡಿಸಿದ್ದಾರೆ. ಫೋಕಲ್ ಲೆಂಗ್ತ್ 1200 ಮಿ.ಮೀ., ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್‌ಗಳಿವೆ. 2026ರ ಜನವರಿಯಲ್ಲಿ ನಾಲ್ಕು ಶನಿವಾರ ರಾತ್ರಿ 8 ಗಂಟೆಗೆ ಮಕ್ಕಳಿಗೆ ಗುರು ಗ್ರಹ ತೋರಿಸಿದೆ. ನಾಲ್ಕು ಉಪಗ್ರಹ, ಎರಡು ಕಂದು ಪಟ್ಟಿ ಚೆನ್ನಾಗಿ ಕಂಡವು. ಗುರುವಿನ ದೈತ್ಯ ಬಿರುಗಾಳಿಯಾದ ಕೆಂಪು ಮಚ್ಚೆ ಮಾತ್ರ ಒಮ್ಮೆಯೂ ಕಾಣಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದು ಮಾಯವಾಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದ ಮಕ್ಕಳು, ‘ಆಗಲೇ ಹೋಗಿಬಿಟ್ಟಿದೆಯಾ ಮಿಸ್?’ ಎಂದು ಕೇಳುತ್ತಿದ್ದಾರೆ. ನೆಲವೇ ಇಲ್ಲದ ಗ್ರಹದಲ್ಲಿ ಬಿರುಗಾಳಿ ನೂರಾರು ವರ್ಷ ಬೀಸುವುದು ಹೇಗೆ? ಶನಿಯಲ್ಲೂ ಇಂಥದ್ದು ಇದೆಯೇ? ನಾವು 8 ಇಂಚಿನ ಟೆಲಿಸ್ಕೋಪ್ ಕೊಳ್ಳಬೇಕೇ?

ಉತ್ತರ: ಮಚ್ಚೆ ಇದೆ. ನಿಮ್ಮ ಟೆಲಿಸ್ಕೋಪಿಗೆ ಅದನ್ನು ತೋರಿಸುವ ಶಕ್ತಿಯೂ ಇದೆ. ನೀವು ನೋಡಿದ ನಾಲ್ಕು ಸಲವೂ ಅದು ಗ್ರಹದ ಆಚೆ ಬದಿಯಲ್ಲಿ ಅಥವಾ ಅಂಚಿನಲ್ಲಿ ಇದ್ದಿರುವ ಸಾಧ್ಯತೆಯೇ ಹೆಚ್ಚು. ಮಕ್ಕಳ ಪ್ರಶ್ನೆಗೆ ಮೊದಲು ಉತ್ತರಿಸಿ, ನೋಡುವ ವಿಚಾರಕ್ಕೆ ಆಮೇಲೆ ಬರುತ್ತೇನೆ.

‘ಇಪ್ಪತ್ತು ವರ್ಷ’ದ ಲೆಕ್ಕ ಎಲ್ಲಿಂದ ಬಂತು?

ಮಚ್ಚೆ ಕುಗ್ಗುತ್ತಿರುವುದು ನಿಜ. 1800ರ ದಶಕದ ಕೊನೆಯ ಅಳತೆಗಳಂತೆ ಅದರ ಉದ್ದ, ಅಂದರೆ ಪೂರ್ವ–ಪಶ್ಚಿಮ ಹರವು, ಸುಮಾರು 41,000 ಕಿ.ಮೀ. ಇತ್ತು. 1979ರಲ್ಲಿ ವಾಯೇಜರ್ ನೌಕೆಗಳು ಹಾದುಹೋದಾಗ ಸುಮಾರು 23,300 ಕಿ.ಮೀ.ಗೆ ಇಳಿದಿತ್ತು. ಹಬಲ್ ದೂರದರ್ಶಕದ ಚಿತ್ರಗಳಲ್ಲಿ 1995ರಲ್ಲಿ 20,950, 2009ರಲ್ಲಿ 17,910, 2014ರಲ್ಲಿ ಸುಮಾರು 16,500 ಕಿ.ಮೀ. ‘ಮೂರು ಭೂಮಿ ಹಿಡಿಸುವ ಮಚ್ಚೆ’ ಎಂದು ಈಗಲೂ ಕೆಲವು ಪುಸ್ತಕಗಳಲ್ಲಿ ಇರುವುದು ಆ ಹಳೆಯ ಅಳತೆ. ಇಂದು ಅದರ ಉದ್ದ ಒಂದು ಭೂಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

2012ರ ನಂತರ ಕುಗ್ಗುವ ವೇಗ ಏಕಾಏಕಿ ಹೆಚ್ಚಿ ವರ್ಷಕ್ಕೆ ಸುಮಾರು 930 ಕಿ.ಮೀ. ಮುಟ್ಟಿತು. 16,500ನ್ನು 930ರಿಂದ ಭಾಗಿಸಿ: ಹದಿನೆಂಟು ವರ್ಷಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಇಪ್ಪತ್ತು ವರ್ಷದ ಭವಿಷ್ಯ ನುಡಿಯುವ ವಿಡಿಯೋಗಳ ಹಿಂದೆ ಇರುವುದು ಬಹುಮಟ್ಟಿಗೆ ಇಂಥದೇ ಭಾಗಾಕಾರ. ಆ ವೇಗ ಹಾಗೇ ಉಳಿದಿದ್ದರೆ 2024ಕ್ಕೆ ಮಚ್ಚೆ 7,000 ಕಿ.ಮೀ. ಆಸುಪಾಸಿಗೆ ಬಂದಿರಬೇಕಿತ್ತು. ಬಂದಿಲ್ಲ. ಉದ್ದ ಕಡಿಮೆಯಾದಷ್ಟು ಉತ್ತರ–ದಕ್ಷಿಣ ಅಗಲ ಕಡಿಮೆಯಾಗಿಲ್ಲ, ಹಾಗಾಗಿ ಹಿಂದೆ ಸೌತೆಕಾಯಿಯ ಉದ್ದನೆಯ ಆಕಾರದಲ್ಲಿದ್ದದ್ದು ಈಗ ದುಂಡಗಾಗುತ್ತಿದೆ. ಎತ್ತರವೂ ಸ್ವಲ್ಪ ಹೆಚ್ಚಿರುವ, ಬಣ್ಣ ಕಿತ್ತಳೆಯತ್ತ ಗಾಢವಾಗಿರುವ ಸೂಚನೆ 2018ರ ಅಧ್ಯಯನವೊಂದರಲ್ಲಿತ್ತು. 2009ರಿಂದ 2020ರವರೆಗಿನ ಹಬಲ್ ಚಿತ್ರಗಳನ್ನು ಹೋಲಿಸಿದಾಗ ಮಚ್ಚೆಯ ಹೊರವಲಯದ ಗಾಳಿಯ ವೇಗ ಸುಮಾರು ಶೇ 8ರಷ್ಟು ಏರಿದ್ದೂ ಕಂಡಿದೆ. ಸಾಯುತ್ತಿರುವ ಬಿರುಗಾಳಿಯ ಲಕ್ಷಣ ಇದಲ್ಲ.

2019ರಲ್ಲಿ ಮಚ್ಚೆಯ ಅಂಚಿನಿಂದ ಕೆಂಪು ಚೂರುಗಳು ಕಿತ್ತು ಹೋಗುತ್ತಿರುವುದನ್ನು ಹವ್ಯಾಸಿ ವೀಕ್ಷಕರು ಸೆರೆಹಿಡಿದಾಗ ‘ಒಡೆದುಹೋಗುತ್ತಿದೆ’ ಎಂಬ ಗುಲ್ಲೆದ್ದಿತ್ತು. ಆ ಸಮಯದಲ್ಲಿ ಚಿಕ್ಕ ಸುಳಿಗಳು ಸಾಲಾಗಿ ಬಂದು ಮಚ್ಚೆಗೆ ತಾಕುತ್ತಿದ್ದವು. ಕಿತ್ತದ್ದು ಮೇಲ್ಪದರದ ಮೋಡ, ಒಳಗಿನ ಸುಳಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ನಾವು ಕಾಣುವ ಕೆಂಪು ಬಣ್ಣ ಮತ್ತು ಅದರಡಿಯ ಸುಳಿ ಎರಡೂ ಒಂದೇ ಎಂದುಕೊಂಡರೆ ಇಂಥ ಗೊಂದಲ ಆಗುತ್ತದೆ.

ಇನ್ನು ವಯಸ್ಸು. ‘350 ವರ್ಷದ ಬಿರುಗಾಳಿ’ ಎನ್ನುವುದು 1665ರಲ್ಲಿ ಖಗೋಳಜ್ಞ ಜೊವಾನ್ನಿ ಕಸ್ಸಿನಿ ಕಂಡ ಮಚ್ಚೆಯನ್ನು ಇಂದಿನದಕ್ಕೆ ಜೋಡಿಸಿ ಹೇಳುವ ಮಾತು. ಕಸ್ಸಿನಿಯ ಮಚ್ಚೆ 1713ರವರೆಗೆ ಕಂಡ ದಾಖಲೆ ಇದೆ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಯಾರೂ ಅಂಥದ್ದನ್ನು ದಾಖಲಿಸಿಲ್ಲ. ಇಂದಿನ ಮಚ್ಚೆಯ ಜಾಡು 1831ರಿಂದ ಸಿಗುತ್ತದೆ. ಎರಡೂ ಬೇರೆ ಬೇರೆ ಸುಳಿಗಳಾಗಿರುವುದೇ ಹೆಚ್ಚು ಸಂಭವ ಎಂದು 2024ರಲ್ಲಿ ಸ್ಪೇನಿನ ಅಗುಸ್ಟಿನ್ ಸಾಂಚೆಸ್-ಲವೇಗಾ ತಂಡ ಹಳೆಯ ಚಿತ್ರಗಳ ಅಳತೆಯಿಂದ ವಾದಿಸಿದೆ. ನನಗೂ ಅದೇ ಸರಿ ಎನಿಸುತ್ತದೆ. ಮಕ್ಕಳಿಗೆ ‘ಕಡಿಮೆಯೆಂದರೂ 190 ವರ್ಷ’ ಎಂದು ಹೇಳಿ.

ಹಾಗಾದರೆ ಎಂದಾದರೂ ಹೋಗುತ್ತದೆಯೇ? ಹೋಗಬಹುದು. ಕಸ್ಸಿನಿಯ ಮಚ್ಚೆ ಹೋದದ್ದೇ ಅದಕ್ಕೆ ಸಾಕ್ಷಿ. ನೆಪ್ಚೂನ್‌ನಲ್ಲಿ 1989ರಲ್ಲಿ ವಾಯೇಜರ್ 2 ಕಂಡ ದೊಡ್ಡ ಕಪ್ಪು ಮಚ್ಚೆ 1994ರಲ್ಲಿ ಹಬಲ್ ನೋಡುವಷ್ಟರಲ್ಲಿ ಇರಲೇ ಇಲ್ಲ. ಆದರೆ ಇಸವಿ ಹೇಳುವವರನ್ನು ನಂಬಬೇಡಿ.

ನೆಲವಿಲ್ಲದ ಕಡೆ ಬಿರುಗಾಳಿ

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತ ಹುಟ್ಟುವುದು ವಾಯುಭಾರ ಕುಸಿತದಿಂದ. ಕೆಂಪು ಮಚ್ಚೆ ಅದಕ್ಕೆ ತದ್ವಿರುದ್ಧ: ಅದರ ನಡುವೆ ಒತ್ತಡ ಹೆಚ್ಚು. ಭೂಗೋಳ ಪಾಠದಲ್ಲಿ ನೀವು ಹೇಳುವ ಪ್ರತ್ಯಾವರ್ತ ಮಾರುತದ ಜಾತಿ ಅದು. ಗುರುವಿನ ದಕ್ಷಿಣ ಗೋಲಾರ್ಧದಲ್ಲಿ, ಸುಮಾರು 22 ಡಿಗ್ರಿ ಅಕ್ಷಾಂಶದಲ್ಲಿ, ಅಪ್ರದಕ್ಷಿಣವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ನಾಲ್ಕೈದು ದಿನ. ಅಂಚಿನಲ್ಲಿ ಗಾಳಿ ಗಂಟೆಗೆ 400 ಕಿ.ಮೀ. ದಾಟುತ್ತದೆ, ನಡುಭಾಗ ಬಹುಮಟ್ಟಿಗೆ ಶಾಂತ. ಕೆಂಪು ಇದೆಯೆಂದು ಅಲ್ಲಿ ಬೆಂಕಿ ಇದೆ ಎಂದುಕೊಳ್ಳುವುದೂ ತಪ್ಪು. ಉರಿಯಲು ಬೇಕಾದ ಆಮ್ಲಜನಕವೇ ಅಲ್ಲಿಲ್ಲ, ಮೋಡದ ತುದಿ ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಚಳಿಯಲ್ಲಿದೆ. ಸುತ್ತಲಿನ ಮೋಡಗಳಿಗಿಂತ ಸುಮಾರು 8 ಕಿ.ಮೀ. ಮೇಲೆದ್ದಿರುವ ಅಮೋನಿಯಾ ಮತ್ತು ಅಸಿಟಿಲೀನ್ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದು ಈ ಬಣ್ಣ ಬರುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಮಾಡಿ ನೋಡಿದ ವಿವರಣೆಗಳಲ್ಲಿ ಒಂದು. ಬಣ್ಣದ ಚರ್ಚೆ ಇನ್ನೂ ಮುಗಿದಿಲ್ಲ.

ಅದು ನಿಂತಿರುವ ಜಾಗವೇ ಅದರ ದೊಡ್ಡ ಬಲ. ಮಚ್ಚೆಯ ಉತ್ತರ ಅಂಚಿನಲ್ಲಿ ಗಾಳಿಯ ಹೊನಲೊಂದು ಪಶ್ಚಿಮಕ್ಕೆ ಹರಿಯುತ್ತದೆ, ದಕ್ಷಿಣ ಅಂಚಿನಲ್ಲಿ ಇನ್ನೊಂದು ಪೂರ್ವಕ್ಕೆ. ಎರಡು ಅಂಗೈಗಳನ್ನು ಎದುರುಬದುರು ಸರಿಸಿದಾಗ ನಡುವಿನ ಹಿಟ್ಟಿನ ಉಂಡೆ ಉರುಳುವ ಹಾಗೆ ಈ ಹೊನಲುಗಳ ನಡುವೆ ಸುಳಿ ಉರುಳುತ್ತಿರುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಜಾರಿಹೋಗಲು ಅವು ಬಿಡುವುದಿಲ್ಲ. ಜುನೋ ನೌಕೆಯ ಮಾಪನಗಳ ಪ್ರಕಾರ ಮಚ್ಚೆಯ ಬೇರು ಮೋಡಗಳಡಿ ಸುಮಾರು 300ರಿಂದ 500 ಕಿ.ಮೀ. ಆಳದವರೆಗೆ ಇದೆ. ಅದನ್ನು ಹಿಡಿದಿಟ್ಟಿರುವ ಹೊನಲುಗಳು ಇನ್ನೂ ಆಳ, ಸುಮಾರು 3,000 ಕಿ.ಮೀ.

ಈಗ ನಿಮ್ಮ ಮಕ್ಕಳ ಪ್ರಶ್ನೆ. ‘ನೆಲ ಇಲ್ಲ, ಘರ್ಷಣೆ ಇಲ್ಲ, ಹಾಗಾಗಿ ನಿಲ್ಲುವುದಿಲ್ಲ’ ಎಂಬ ಸಿದ್ಧ ಉತ್ತರ ಅರ್ಧ ಮಾತ್ರ ಸರಿ. ಭೂಮಿಯಲ್ಲೂ ಚಂಡಮಾರುತ ದಡಕ್ಕೆ ಬಂದು ಬಡವಾಗುವುದಕ್ಕೆ ನೆಲದ ಉಜ್ಜಾಟಕ್ಕಿಂತ ದೊಡ್ಡ ಕಾರಣ ಬೆಚ್ಚಗಿನ ಸಮುದ್ರದ ನೀರಾವಿ ತಪ್ಪುವುದು. ಗುರುವಿನಲ್ಲಿ ನೆಲ ಇಲ್ಲದಿದ್ದರೂ ಸುಳಿ ಶಕ್ತಿ ಕಳೆದುಕೊಳ್ಳುತ್ತಲೇ ಇರುತ್ತದೆ. ಶಾಖ ಆಕಾಶಕ್ಕೆ ಸೋರುತ್ತದೆ, ಅಕ್ಕಪಕ್ಕದ ಅನಿಲ ಎಳೆದು ಕದಡುತ್ತದೆ. ಯಾವುದೂ ಒಳಗೆ ಬರದಿದ್ದರೆ ಅದು ಕೆಲವೇ ದಶಕಗಳಲ್ಲಿ ಅಳಿಯಬೇಕು ಎಂದು ಲೆಕ್ಕಾಚಾರಗಳು ಹೇಳುತ್ತವೆ. ಅಂದರೆ ಅದಕ್ಕೆ ಊಟ ಸಿಗುತ್ತಿದೆ. ಎರಡು ಮೂಲ ಮುಖ್ಯ. ಗುರು ಸೂರ್ಯನಿಂದ ಹೀರಿಕೊಳ್ಳುವ ಶಾಖದ ಸುಮಾರು ಎರಡರಷ್ಟನ್ನು ಹೊರಸೂಸುತ್ತದೆ. ಹೆಚ್ಚುವರಿ ಅರ್ಧ ಗ್ರಹದ ಒಡಲಿನಿಂದ, ಹುಟ್ಟಿದಾಗಿನ ಕಾವು ಇನ್ನೂ ಆರದೆ ಬರುತ್ತಿರುವುದು. ಅದು ಗಾಳಿಯನ್ನು ಮೇಲೆ ಕೆಳಗೆ ಕದಲಿಸುತ್ತದೆ. ಎರಡನೆಯದು, ಸುತ್ತ ಹುಟ್ಟುವ ಚಿಕ್ಕ ಸುಳಿಗಳನ್ನು ಮಚ್ಚೆ ನುಂಗುತ್ತದೆ. ಇತ್ತೀಚಿನ ಕಂಪ್ಯೂಟರ್ ಮಾದರಿಗಳಲ್ಲಿ ಚಿಕ್ಕ ಸುಳಿಗಳನ್ನು ಸೇರಿಸಿದಾಗ ದೊಡ್ಡದು ಬಲಿತು ಹಿಗ್ಗಿದೆ, ಅವಿಲ್ಲದಾಗ ಸೊರಗಿದೆ. ಕಳೆದ ಶತಮಾನದಲ್ಲಿ ಅದು ಕುಗ್ಗಿದ್ದಕ್ಕೆ ಈ ಊಟ ಕಡಿಮೆಯಾದದ್ದೇ ಕಾರಣವಿರಬಹುದು.

ಶನಿಯ ಲೆಕ್ಕ ಬೇರೆ

ಶನಿಯಲ್ಲಿ ಇಂಥ ಕಾಯಂ ಮಚ್ಚೆ ಇಲ್ಲ. ಅಲ್ಲಿ ದಶಕಗಟ್ಟಲೆ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಗೇ ಸಿಡಿಯುತ್ತದೆ. 1876, 1903, 1933, 1960, 1990, 2010 ಇವು ದಾಖಲಾದ ದೊಡ್ಡ ಬಿಳಿ ಬಿರುಗಾಳಿಗಳು. 1933ರದನ್ನು ಪತ್ತೆ ಮಾಡಿದವರು ವಿಲ್ ಹೇ ಎಂಬ ಇಂಗ್ಲೆಂಡಿನ ಹಾಸ್ಯನಟ. ನೋಡಿದ್ದು ನಿಮ್ಮದೇ ಅಳತೆಯ, 6 ಇಂಚಿನ ಟೆಲಿಸ್ಕೋಪಿನಲ್ಲಿ! 2010ರ ಡಿಸೆಂಬರಿನಲ್ಲಿ ಎದ್ದದ್ದು ಕೆಲವೇ ತಿಂಗಳಲ್ಲಿ ಗ್ರಹವನ್ನೇ ಸುತ್ತುವರಿಯಿತು. ಕಸ್ಸಿನಿ ನೌಕೆ ಅಲ್ಲೇ ಇದ್ದದ್ದರಿಂದ ಅದರ ಮಿಂಚಿನ ರೇಡಿಯೋ ಸದ್ದೂ ದಾಖಲಾಯಿತು.

ಇಷ್ಟು ದೀರ್ಘ ವಿರಾಮ ಯಾಕೆ? ಭೂಮಿಯಲ್ಲಿ ನೀರಾವಿ ತುಂಬಿದ ಗಾಳಿ ಒಣಗಾಳಿಗಿಂತ ಹಗುರ, ಹಾಗಾಗಿ ಮೇಲೇಳುತ್ತದೆ. ನೀರಿನ ಅಣುತೂಕ 18, ನಮ್ಮ ಗಾಳಿಯ ಸರಾಸರಿ 29. ಶನಿಯ ಗಾಳಿ ಹೈಡ್ರೋಜನ್ ಮತ್ತು ಹೀಲಿಯಂ, ಅಣುತೂಕ 2 ಮತ್ತು 4. ಅಲ್ಲಿ ನೀರಾವಿಯೇ ಭಾರ. ಒಂದು ಬಿರುಗಾಳಿ ಮಳೆ ಸುರಿಸಿ ಮುಗಿದ ಮೇಲೆ ಮೇಲ್ಪದರ ಒಣಗಿ ಹಗುರಾಗುತ್ತದೆ, ಕೆಳಗಿನ ತೇವದ ಪದರ ಭಾರವಾಗಿ ಅಲ್ಲೇ ಕುಳಿತುಬಿಡುತ್ತದೆ. ಮೇಲ್ಪದರ ಸಾಕಷ್ಟು ತಣಿದು ಭಾರವಾಗಿ ಕೆಳಗಿಳಿಯುವವರೆಗೆ ಮುಂದಿನ ಸಿಡಿತ ಇಲ್ಲ. ಅದಕ್ಕೆ ದಶಕಗಳೇ ಬೇಕು. ಈ ಅಣುತೂಕದ ಲೆಕ್ಕವನ್ನು ಹತ್ತನೇ ತರಗತಿಯವರಿಗೆ ಕಪ್ಪುಹಲಗೆಯ ಮೇಲೆಯೇ ಮಾಡಿ ತೋರಿಸಬಹುದು.

ಈಗ ನೋಡುವ ವಿಚಾರ

ನಿಮ್ಮ ತೊಂದರೆಯ ಮೂಲ ‘ಪ್ರತಿ ಶನಿವಾರ 8 ಗಂಟೆ’ ಎಂಬುದರಲ್ಲಿದೆ. ಮಚ್ಚೆ ಇರುವ ಅಕ್ಷಾಂಶದ ಸುತ್ತುಸಮಯ ಸುಮಾರು 9 ಗಂಟೆ 56 ನಿಮಿಷ. ಗಂಟೆಗೆ 36 ಡಿಗ್ರಿ ತಿರುಗುತ್ತದೆ. ಚಿಕ್ಕ ಟೆಲಿಸ್ಕೋಪಿಗೆ ಮಚ್ಚೆ ಸರಿಯಾಗಿ ಕಾಣುವುದು ಅದು ಗ್ರಹದ ನಡುರೇಖೆಯ (ನಮಗೆ ಕಾಣುವ ಮುಖವನ್ನು ಪೂರ್ವ–ಪಶ್ಚಿಮ ಎರಡು ಭಾಗ ಮಾಡುವ ಗೆರೆ) ಆಚೀಚೆ 50 ಡಿಗ್ರಿಯೊಳಗೆ ಇದ್ದಾಗ, ಅಂದರೆ ನಡುರೇಖೆ ದಾಟುವುದಕ್ಕೆ ಸುಮಾರು 1 ಗಂಟೆ 20 ನಿಮಿಷ ಮುಂಚಿನಿಂದ ಅಷ್ಟೇ ಹೊತ್ತು ನಂತರದವರೆಗೆ. ಉಳಿದ 260 ಡಿಗ್ರಿ ನಮಗೆ ಪ್ರಯೋಜನಕ್ಕಿಲ್ಲ.

ಒಂದು ವಾರದಲ್ಲಿ ಗುರು 17 ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಮುಂದಿನ ಶನಿವಾರ ಅದೇ ಹೊತ್ತಿಗೆ ನೋಡಿದರೆ ಮಚ್ಚೆ ಹಿಂದಿನ ವಾರ ಇದ್ದ ಜಾಗಕ್ಕಿಂತ ಬರೀ 28 ಡಿಗ್ರಿ ಹಿಂದೆ ಇರುತ್ತದೆ. ನಾಲ್ಕು ಶನಿವಾರಗಳಲ್ಲಿ ಆಗುವ ವ್ಯತ್ಯಾಸ 84 ಡಿಗ್ರಿ. ಮೊದಲ ವಾರ ಆಚೆ ಬದಿಯಲ್ಲಿದ್ದರೆ ನಾಲ್ಕನೇ ವಾರವೂ ಅಲ್ಲೇ ಇರುವ ಸಂಭವ ಹೆಚ್ಚು. ಅದೃಷ್ಟ ಕೆಟ್ಟರೆ ಒಂಬತ್ತು ವಾರ ಸಾಲಾಗಿ ತಪ್ಪಬಹುದು!

ವೇಳಾಪಟ್ಟಿ ಹೀಗೆ ಹಾಕಿಕೊಳ್ಳಿ. ಶನಿವಾರ ರಾತ್ರಿ 9ಕ್ಕೆ ಮಚ್ಚೆ ನಡುರೇಖೆಯಲ್ಲಿದೆ ಎನ್ನೋಣ. ಭಾನುವಾರ 9ಕ್ಕೆ ಅದು ಹಿಂಬದಿಯಲ್ಲಿರುತ್ತದೆ. ಸೋಮವಾರ ರಾತ್ರಿ 10:38ಕ್ಕೆ ಮತ್ತೆ ನಡುವೆ ಬರುತ್ತದೆ (ಐದು ಸುತ್ತು). ಗುರುವಾರ 8:08ಕ್ಕೆ ಮತ್ತೊಮ್ಮೆ (ಹನ್ನೆರಡು ಸುತ್ತು). ಮುಂದಿನ ಶನಿವಾರ 9:47ಕ್ಕೆ. ನೆನಪಿಡಬೇಕಾದದ್ದು ಎರಡೇ: ಎರಡು ದಿನಕ್ಕೆ 1 ಗಂಟೆ 38 ನಿಮಿಷ ತಡ, ಐದು ದಿನಕ್ಕೆ 52 ನಿಮಿಷ ಬೇಗ.

ಮೊದಲ ಸಮಯ ಸಿಗುವುದು ಆ್ಯಪ್‌ಗಳಲ್ಲಿ ಅಥವಾ ಖಗೋಳ ಪತ್ರಿಕೆಗಳ ಜಾಲತಾಣಗಳಲ್ಲಿರುವ ಪಟ್ಟಿಗಳಲ್ಲಿ. ಇಲ್ಲಿ ಎರಡು ಕಡೆ ಎಡವುತ್ತಾರೆ. ಪಟ್ಟಿಗಳು ಸಾಮಾನ್ಯವಾಗಿ ವಿಶ್ವಮಾನ ಸಮಯದಲ್ಲಿ (UTC) ಇರುತ್ತವೆ, ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಕೂಡಿಸಿದಾಗ ದಿನಾಂಕವೂ ಬದಲಾಗಬಹುದು. ಎರಡನೆಯದಾಗಿ, ಮಚ್ಚೆ ಒಂದೇ ರೇಖಾಂಶದಲ್ಲಿ ನಿಲ್ಲುವುದಿಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ವರ್ಷಕ್ಕೆ ಸುಮಾರು 20 ಡಿಗ್ರಿ ಸರಿದಿದೆ. ಮೂರು ವರ್ಷ ಅಪ್‌ಡೇಟ್ ಆಗದ ಆ್ಯಪ್ 60 ಡಿಗ್ರಿ ತಪ್ಪು ತೋರಿಸಿದರೆ ಒಂದು ಗಂಟೆ ನಲವತ್ತು ನಿಮಿಷದ ವ್ಯತ್ಯಾಸ. ಮಚ್ಚೆ ತಪ್ಪಿಸಿಕೊಳ್ಳಲು ಅಷ್ಟು ಸಾಕು. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ತಂತ್ರಾಂಶ ಬಳಸುವುದಾದರೆ ಸೆಟ್ಟಿಂಗ್‌ನಲ್ಲಿ ಮಚ್ಚೆಯ ರೇಖಾಂಶವನ್ನು ನಾವೇ ತುಂಬಬಹುದು.

ಇನ್ನೊಂದು ಕಾರಣ ಎತ್ತರ. 2026ರ ಜನವರಿ 10ರ ಸುಮಾರಿಗೆ ಗುರು ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ಬದಿಯಲ್ಲಿತ್ತು, ಆ ವಾರ ರಾತ್ರಿ 8ಕ್ಕೆ ಹಾಸನದ ಪೂರ್ವ ದಿಗಂತದಿಂದ 30 ಡಿಗ್ರಿ ಕೂಡ ಏರಿರಲಿಲ್ಲ. ಅಷ್ಟು ತಗ್ಗಿನಲ್ಲಿ ದಪ್ಪ ಗಾಳಿಯ ಪದರ ದಾಟಿ ಬರುವ ಬೆಳಕು ಕುದಿಯುವ ನೀರಿನಂತೆ ಕದಲುತ್ತದೆ. ಎರಡು ಪಟ್ಟಿ ಕಾಣುತ್ತವೆ, ನವಿರಾದ ವಿವರ ಅಳಿಸಿಹೋಗುತ್ತದೆ. ಅದೇ ದಿನ ಮಧ್ಯರಾತ್ರಿ ಗುರು ನೆತ್ತಿಯ ಬಳಿ, 80 ಡಿಗ್ರಿ ಎತ್ತರದಲ್ಲಿತ್ತು. ಹಾಗೆಂದು ಪೂರ್ತಿ ನೆತ್ತಿಗೆ ಬರುವವರೆಗೂ ಕಾಯಬೇಡಿ, ಡಾಬ್ಸೋನಿಯನ್‌ನಲ್ಲಿ ಆ ಜಾಗದಲ್ಲಿ ಗ್ರಹವನ್ನು ಹಿಂಬಾಲಿಸುವುದು ಕಷ್ಟ. 50ರಿಂದ 70 ಡಿಗ್ರಿ ಅನುಕೂಲ. ಮುಂದಿನ ಸಲ ಗುರು ಹೀಗೆ ಎದುರು ಬರುವುದು 2027ರ ಫೆಬ್ರವರಿ ಎರಡನೇ ವಾರದಲ್ಲಿ. ಅದಾಗಿ ಒಂದೆರಡು ತಿಂಗಳು, ಮಾರ್ಚ್–ಏಪ್ರಿಲ್‌ನಲ್ಲಿ, ಸಂಜೆ ಹೊತ್ತಿಗೇ ಎತ್ತರದಲ್ಲಿ ಸಿಗುತ್ತದೆ.

ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ, ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲಿ. ಕಾಂಕ್ರೀಟ್ ತಾರಸಿ ಹಗಲಿನ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತದೆ, ಹುಲ್ಲಿನ ಮೈದಾನ ವಾಸಿ. ಕನ್ನಡಿಗಳ ಜೋಡಣೆ ಸರಿಯಿದೆಯೇ ನೋಡಿ: ನಕ್ಷತ್ರವೊಂದನ್ನು ಸ್ವಲ್ಪ ಫೋಕಸ್ ತಪ್ಪಿಸಿದಾಗ ಉಂಗುರಗಳು ಒಂದೇ ಕೇಂದ್ರದಲ್ಲಿ ಕಾಣಬೇಕು. ಶಾಲೆಯ ಟೆಲಿಸ್ಕೋಪುಗಳಲ್ಲಿ ಸಾಗಿಸುವಾಗ ಕದಲಿ ಕೆಡುವುದು ಇದೇ. ನಿಮ್ಮ 10 ಮಿ.ಮೀ. ಐಪೀಸ್ 120 ಪಟ್ಟು ದೊಡ್ಡದು ಮಾಡುತ್ತದೆ. ಮಚ್ಚೆಗೆ 150ರಿಂದ 200 ಪಟ್ಟು ಚೆನ್ನ. 7 ಅಥವಾ 8 ಮಿ.ಮೀ.ನ ಒಂದು ಒಳ್ಳೆಯ ಐಪೀಸ್ ಸಾಕು. 3 ಪಟ್ಟಿನ ಬಾರ್ಲೋ (ಬಿಂಬವನ್ನು ಇನ್ನಷ್ಟು ಹಿಗ್ಗಿಸುವ ಮಸೂರ) ಹಾಕಿ 360ಕ್ಕೆ ಹೋದರೆ ಮಂಕಾದ ದೊಡ್ಡ ಬಿಂಬ ಸಿಗುತ್ತದೆ, ಅಷ್ಟೆ.

ಕಡುಗೆಂಪು ಚುಕ್ಕೆಯನ್ನು ಹುಡುಕಬೇಡಿ. ಚಿತ್ರಗಳಲ್ಲಿ ಕಾಣುವ ಬಣ್ಣ ಹೆಚ್ಚಿಸಿದ್ದು. ಕಣ್ಣಿಗೆ ಕಾಣುವುದು ಮಾಸಿದ ಕಿತ್ತಳೆ, ಕೆಲವು ರಾತ್ರಿ ಬರೀ ಬೂದು. ಡಾಬ್ಸೋನಿಯನ್‌ನಲ್ಲಿ ಬಿಂಬ ತಲೆಕೆಳಗಾಗಿರುತ್ತದೆ, ದಕ್ಷಿಣದ ಪಟ್ಟಿ ಯಾವ ಬದಿಗೆ ಕಾಣುತ್ತದೆ ಎಂಬುದು ಗುರು ಆಕಾಶದಲ್ಲಿರುವ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಆ ಪಟ್ಟಿಯ ಹೊರ ಅಂಚಿನಲ್ಲಿ ಒಂದು ತಗ್ಗು, ಕಚ್ಚಿದಂತಹ ಬಾಗು ಇದೆಯೇ ನೋಡಿ. ಅದರೊಳಗೆ ಕೂತಿರುವುದೇ ಮಚ್ಚೆ. ಒಬ್ಬೊಬ್ಬ ವಿದ್ಯಾರ್ಥಿಗೆ ಎರಡು ನಿಮಿಷವಾದರೂ ಕೊಡಿ. ಗಾಳಿ ಕ್ಷಣಕಾಲ ನಿಂತಾಗ ಮಾತ್ರ ಅದು ಸ್ಪಷ್ಟವಾಗುತ್ತದೆ, ಐದು ಸೆಕೆಂಡ್ ಇಣುಕಿ ಹೋಗುವವರಿಗೆ ಸಿಗುವುದಿಲ್ಲ.

ದುಡ್ಡು ಖರ್ಚು ಮಾಡಬೇಕೇ?

6 ಇಂಚಿಗೆ ಮುಕ್ಕಾಲು ಆರ್ಕ್‌ಸೆಕೆಂಡ್‌ನಷ್ಟು ಸೂಕ್ಷ್ಮ ವಿವರ ಬಿಡಿಸುವ ಶಕ್ತಿ ಇದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ). ಗುರು ಹತ್ತಿರ ಬಂದಾಗ ಮಚ್ಚೆಯ ಉದ್ದ ಐದು ಆರ್ಕ್‌ಸೆಕೆಂಡ್‌ಗೆ ಸಮೀಪ. ಹಾಗಾಗಿ ಗಾತ್ರ ನಿಮ್ಮ ಅಡ್ಡಿಯಲ್ಲ, ಸುತ್ತಲಿನ ಬಣ್ಣದೊಂದಿಗೆ ಅದು ಬೆರೆತುಹೋಗುವುದೇ ಅಡ್ಡಿ. ಅದಕ್ಕೆ ಅಗ್ಗದ ಉಪಾಯ 80ಎ ಎಂಬ ತಿಳಿನೀಲಿ ಫಿಲ್ಟರ್. ಕಿತ್ತಳೆ ಬಣ್ಣವನ್ನು ಅದು ಕಪ್ಪಾಗಿಸುತ್ತದೆ. ಅಂಗಡಿಯವರು ಕಡುನೀಲಿಯ 47 ಕೊಟ್ಟರೆ ಬೇಡ ಎನ್ನಿ, 6 ಇಂಚಿಗೆ ಬಿಂಬ ತೀರಾ ಕತ್ತಲಾಗುತ್ತದೆ.

8 ಇಂಚು ಖಂಡಿತ ಮೇಲು, ಬೆಳಕು ಮುಕ್ಕಾಲುಪಾಲು ಹೆಚ್ಚು ಸಿಗುತ್ತದೆ. ಆದರೆ ಭಾರವೂ ಹೆಚ್ಚು, ಕನ್ನಡಿ ತಣಿಯಲು ಸಮಯವೂ ಹೆಚ್ಚು, ಗಾಳಿ ಕದಲುವ ರಾತ್ರಿ ಎರಡರಲ್ಲೂ ಕಾಣುವುದು ಹೆಚ್ಚುಕಮ್ಮಿ ಒಂದೇ. ತಪ್ಪು ಹೊತ್ತಿಗೆ ನೋಡಿದರೆ 20 ಇಂಚಿನದೂ ಮಚ್ಚೆ ತೋರಿಸುವುದಿಲ್ಲ. ಒಂದು ಸೀಸನ್ ಇದರಲ್ಲೇ ನೋಡಿ, ಆಮೇಲೆ ಯೋಚಿಸಿ.

ಕ್ಯಾಮೆರಾ ಬೇರೆ ದಾರಿ. ಮೊಬೈಲನ್ನು ಐಪೀಸ್‌ಗೆ ಹಿಡಿಕೆಯಿಂದ ಕೂರಿಸಿ, ಬೆಳಕು ತಗ್ಗಿಸಿ ವಿಡಿಯೋ ತೆಗೆದು, ಆಟೋಸ್ಟ್ಯಾಕರ್ಟ್‌ನಂಥ ಉಚಿತ ತಂತ್ರಾಂಶದಲ್ಲಿ ಒಳ್ಳೆಯ ಕಾಲುಭಾಗ ಫ್ರೇಮ್‌ಗಳನ್ನು ಮಾತ್ರ ಒಂದರ ಮೇಲೊಂದು ಕೂರಿಸಬಹುದು. ವಿಡಿಯೋ ಎರಡು ನಿಮಿಷ ದಾಟದಿರಲಿ, ಗ್ರಹ ತಿರುಗಿ ವಿವರ ಹರಡಿಕೊಳ್ಳುತ್ತದೆ. ಡಾಬ್ಸೋನಿಯನ್‌ಗೆ ಮೋಟಾರ್ ಇಲ್ಲದಿದ್ದರೆ ಗ್ರಹ ಚೌಕಟ್ಟಿನ ಒಂದು ಬದಿಯಿಂದ ಇನ್ನೊಂದಕ್ಕೆ ಹರಿದುಹೋಗಲು ಬಿಟ್ಟು ಚಿಕ್ಕ ಚಿಕ್ಕ ತುಣುಕು ತೆಗೆಯಿರಿ. ಕೊನೆಯಲ್ಲಿ ಶಾರ್ಪ್ ಮಾಡುವ ಗುಂಡಿ ಅತಿಯಾಗಿ ತಿರುಗಿಸಿದರೆ ಇಲ್ಲದ ಉಂಗುರ, ಇಲ್ಲದ ಮಚ್ಚೆಗಳು ಹುಟ್ಟುತ್ತವೆ. ಎರಡು ಬೇರೆ ವಿಡಿಯೋಗಳಲ್ಲಿ ಒಂದೇ ಜಾಗದಲ್ಲಿ ಕಂಡದ್ದನ್ನು ಮಾತ್ರ ನಂಬಿ.

ಒಮ್ಮೆ ಮಚ್ಚೆ ಸಿಕ್ಕಿತೆಂದರೆ ಮಕ್ಕಳಿಂದ ಒಂದು ನಿಜವಾದ ಅಳತೆ ಮಾಡಿಸಬಹುದು. ಮಚ್ಚೆ ಸರಿಯಾಗಿ ನಡುರೇಖೆಗೆ ಬಂದಿತು ಎನಿಸಿದ ನಿಮಿಷವನ್ನು ಮೂರ್ನಾಲ್ಕು ಮಕ್ಕಳು ಬೇರೆ ಬೇರೆಯಾಗಿ ಬರೆದುಕೊಳ್ಳಲಿ, ಸರಾಸರಿ ತೆಗೆಯಿರಿ. ಐದು ನಿಮಿಷದ ತಪ್ಪು ಎಂದರೆ ಮೂರು ಡಿಗ್ರಿ ಮಾತ್ರ. ಗುರು ಕಾಣುವ ತಿಂಗಳುಗಳಲ್ಲಿ ಹತ್ತು ಸಲ ಹೀಗೆ ಮಾಡಿ, ದಿನಾಂಕ, ಸಮಯ, ಐಪೀಸ್, ಗಾಳಿಯ ಸ್ಥಿತಿ ಎಲ್ಲವನ್ನೂ ಗುರುತು ಹಾಕಿಟ್ಟರೆ ಮಚ್ಚೆ ಎಷ್ಟು ಸರಿಯಿತು ಎಂಬುದು ಅವರ ಗ್ರಾಫ್ ಹಾಳೆಯಲ್ಲೇ ಕಾಣುತ್ತದೆ.